ಬಟ್ಟೊ, ನಿಪ್ಪಲ್ಲೊ

ಹೊಸದಾಗಿ ಕೆಲಸಕ್ಕೆ ಸೇರಿದ ಮೂವರು ಹುಡುಗಿಯರು ಕಳೆದ ವಾರ ಗೋಕಾಕದ ನಮ್ಮ ಮನೆಗೆ ಬಂದಿದ್ದರು. ಮೂವರಿಗೂ ಹಳ್ಳಿಯ ಉಪಕೇಂದ್ರಗಳಲ್ಲಿ ಆರೋಗ್ಯ ಸಹಾಯಕಿಯರಾಗಿ ಆದೇಶ ಬಂದಿದೆ. ನಾನು ಜೀವಮಾನವೆಲ್ಲ ಮಾಡಿ ನಿವೃತ್ತಳಾದ ಕೆಲಸವೂ ಅದೇ. ಆ ಹುದ್ದೆಯ ಉದ್ದನೆಯ ಹೆಸರನ್ನು ಹಳ್ಳಿಯವರು ಎಂದೂ ಹೇಳುವುದಿಲ್ಲ, 'ನರ್ಸಬಾಯಾರು' ಎಂದು ಮುಗಿಸಿಬಿಡುತ್ತಾರೆ. ಚಹಾ ಕುಡಿಯುತ್ತ ಒಬ್ಬಳು ಕೇಳಿದಳು:

"ಬಾಯಾರ, ಈ ನೌಕರ್ಯಾಗ ಎಲ್ಲಾಕ್ಕಿಂತ ತ್ರಾಸಿನ ಕೆಲಸ ಯಾವುದ್ರಿ? ಹೆರಿಗಿಯೊ, ಇಂಜೆಕ್ಷನ್ನೊ?"

ಎರಡೂ ಅಲ್ಲವೆಂದೆ. ಹೆರಿಗೆಯ ಹೊತ್ತಿನಲ್ಲಿ ಕಲಿತ ಕೈ ತಾನಾಗಿಯೇ ಕೆಲಸ ಮಾಡುತ್ತದೆ. ಇಂಜೆಕ್ಷನ್ನಿಗೆ ಅಳುವ ಕೂಸು ಐದು ನಿಮಿಷದಲ್ಲಿ ನಿಮ್ಮನ್ನು ಕ್ಷಮಿಸುತ್ತದೆ. ತ್ರಾಸಿನದೆಂದರೆ, ಚೀಲ ಹೆಗಲಿಗೇರಿಸಿ ಮನೆಮನೆ ತಿರುಗುವಾಗ ಹೊಸ್ತಿಲಲ್ಲಿ ಕೂತ ಅಜ್ಜಿಯೊಬ್ಬಳು ಕೇಳುವ ಒಂದು ಪ್ರಶ್ನೆ: "ಕೂಸು ಹಗಲೆಲ್ಲಾ ಅಳತೈತ್ರಿ. ಬಟ್ಟು ಚೀಪಾಕ ಬಿಡೂಣೊ, ನಿಪ್ಪಲ್ ತಂದ ಕೊಡೂಣೊ?" ಬಟ್ಟು ಎಂದರೆ ಕೂಸಿನದೇ ಹೆಬ್ಬೆರಳು. ನಿಪ್ಪಲ್ ಎಂದರೆ ಹಾಲಿನ ಬಾಟಲಿಯದಲ್ಲ, ಅಳು ನಿಲ್ಲಿಸಲು ಬಾಯಿಗೆ ಇಡುವ ಬರೀ ರಬ್ಬರಿನದು.

ಹುಡುಗಿಯರು ನಕ್ಕರು. ನಾನು ನಗಲಿಲ್ಲ. ಈ ಒಂದೇ ಪ್ರಶ್ನೆಗೆ ನಾನು ಬೇರೆಬೇರೆ ಕಾಲದಲ್ಲಿ ಬೇರೆಬೇರೆ ಉತ್ತರ ಕೊಟ್ಟಿದ್ದೇನೆ. ಪ್ರತಿ ಸಲವೂ ನೂರಕ್ಕೆ ನೂರು ಖಾತ್ರಿಯಿಂದ ಕೊಟ್ಟಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತೇನೆ. ನನಗೆ ಯಾವಾಗ ಯಾವ ಬಡ್ತಿ ಬಂತು ಎಂಬುದೆಲ್ಲ ಸೇವಾ ಪುಸ್ತಕದಲ್ಲಿದೆ. ಅದನ್ನು ಓದಿ ಯಾರಿಗೂ ಈವರೆಗೆ ಉಪಯೋಗವಾಗಿಲ್ಲ.

ಮೊದಲ ಉತ್ತರ ಕೊಟ್ಟಾಗ ನನಗೆ ಇಪ್ಪತ್ತೆರಡು ವರ್ಷ. ಹುಕ್ಕೇರಿ ಕಡೆಯ ಸಣ್ಣ ಹಳ್ಳಿ, ಎರಡು ಕೋಣೆಯ ಉಪಕೇಂದ್ರ. ಹಿಂದಿನ ಕೋಣೆಯಲ್ಲಿ ನನ್ನ ವಾಸ, ಮುಂದಿನ ಕೋಣೆಯಲ್ಲಿ ಸರ್ಕಾರ. ತರಬೇತಿ ಮುಗಿಸಿ ಬಂದ ಹೊಸತು, ನನಗೆ ಗೊತ್ತಿಲ್ಲದ್ದು ಲೋಕದಲ್ಲಿ ಏನೂ ಇರಲಿಲ್ಲ. ಎರಡನೆಯ ವಾರವೇ ಹೆಂಗಸರನ್ನೆಲ್ಲ ಗುಡಿಯ ಕಟ್ಟೆಯ ಮೇಲೆ ಸೇರಿಸಿ ಭಾಷಣ ಹೊಡೆದೆ. ಬಟ್ಟು ಚೀಪಿದರೆ ಹಲ್ಲು ಮುಂದೆ ಬರುತ್ತವೆ, ಹೊಟ್ಟೆಗೆ ಹೊಲಸು ಹೋಗುತ್ತದೆ. ನಿಪ್ಪಲ್ ಕೊಟ್ಟರೆ ಭೇದಿ ಹಿಡಿಯುತ್ತದೆ. ಆದ್ದರಿಂದ ಬಟ್ಟೂ ಬೇಡ, ನಿಪ್ಪಲ್ಲೂ ಬೇಡ.

ಹೆಂಗಸರು ಶಾಂತವಾಗಿ ಕೇಳಿದರು. ಹಿಂದಿನ ಸಾಲಿನಲ್ಲಿ ಹಲ್ಲಿಗೆ ತಂಬಾಕಿನ ಮಿಶ್ರಿ ತಿಕ್ಕುತ್ತ ಕುಳಿತಿದ್ದ ಗಂಗವ್ವ ಎಂಬ ಮುದುಕಿ ಮಾತ್ರ ಬೆರಳನ್ನು ಬಾಯಿಂದ ತೆಗೆದು ಕೇಳಿದಳು: "ಅದೂ ಬ್ಯಾಡ, ಇದೂ ಬ್ಯಾಡ. ಹಂಗಾರ ಕೂಸು ಅತ್ತರ ಏನ ಮಾಡೂದ್ರಿ?"

"ಸಮಾಧಾನ ಮಾಡಬೇಕು," ಎಂದೆ.

"ಹೆಂಗ್ರಿ?"

"ಪ್ರೀತಿಯಿಂದ."

ಗಂಗವ್ವ ತಲೆದೂಗಿ ಮತ್ತೆ ಬೆರಳನ್ನು ಬಾಯಿಗಿಟ್ಟುಕೊಂಡಳು. ನನ್ನ ಮಾತು ಆಕೆಗೆ ನಾಟಿತೆಂದು ನಾನು ಸಂತೋಷಪಟ್ಟೆ.

ಮರುದಿನ ಮಧ್ಯಾಹ್ನ ಆಕೆ ನಾಲ್ಕು ತಿಂಗಳ ಮೊಮ್ಮಗನನ್ನು ಎತ್ತಿಕೊಂಡು ಉಪಕೇಂದ್ರಕ್ಕೆ ಬಂದಳು. ಕೂಸಿನ ಎರಡೂ ಕೈಗೆ ಹಳೇ ಸೀರೆಯ ಅರಿವೆ ಸುತ್ತಿತ್ತು. "ನೀವು ಹೇಳಿದಂಗ ಬಟ್ಟು ಬಂದ್ ಮಾಡೇನ್ರಿ," ಎಂದಳು. "ಈಗಷ್ಟ ಹಾಲು ಕುಡದೈತಿ, ಹೊಟ್ಟಿ ತುಂಬೇತಿ. ಇದರವ್ವ ಹೊಲದಾಗ ಅದಾಳ, ನಾನೂ ಹೋಗಿ ಒಂದೆರಡ ತಾಸಿನಾಗ ಬರತೇನಿ. ಅಲ್ಲೀತನಾ ನೀವ ಪ್ರೀತಿಯಿಂದ ನೋಡ್ಕೋರಿ." ನಾನು ಹೂಂ ಅನ್ನುವುದರೊಳಗೆ ಕೂಸು ನನ್ನ ಕೈಯಲ್ಲಿತ್ತು, ಮುದುಕಿ ಓಣಿಯ ತಿರುವಿನಲ್ಲಿದ್ದಳು.

ಅರಿವೆ ಬಿಚ್ಚಿ ಬಟ್ಟು ಬಿಟ್ಟುಕೊಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಎದುರು ಮನೆಯ ಕಿಟಕಿಯಲ್ಲಿ ಮೂವರು ಹೆಂಗಸರು ನಿಂತು ನೋಡುತ್ತಿದ್ದರು. ನಿನ್ನೆಯ ಭಾಷಣ ಇನ್ನೂ ಬಿಸಿ ಇತ್ತು. ಜೋಗುಳ ಹಾಡಿದೆ. ಗಿಲಕಿ ಇರಲಿಲ್ಲ, ಗುಳಿಗೆ ಡಬ್ಬಿ ಅಲ್ಲಾಡಿಸಿದೆ. ಸ್ಟೀಲಿನ ತಾಟು ಬಡಿದೆ. ಬೆಕ್ಕಿನ ಹಾಗೆ, ಕೋಳಿಯ ಹಾಗೆ, ಕೊನೆಗೆ ಹುಕ್ಕೇರಿ ಬಸ್ಸಿನ ಹಾಗೆ ಕೂಗಿದೆ. ಕೂಸು ನನ್ನನ್ನು ಒಂದು ಕ್ಷಣ ಕುತೂಹಲದಿಂದ ನೋಡಿ ಮತ್ತೆ ಶುರುಮಾಡುತ್ತಿತ್ತು. ಒಂದು ತಾಸಾದ ಮೇಲೆ ನನಗೂ ಅಳು ಬರುವಂತಾಯಿತು. ಸೋತು, ಬಾಗಿಲು ಮುಂದೆ ಮಾಡಿ, ಸಾಬೂನಿನಿಂದ ಕೈ ತೊಳೆದು, ನನ್ನ ಕಿರುಬೆರಳನ್ನು ಅದರ ಬಾಯಿಗೆ ಕೊಟ್ಟೆ. ಎರಡು ಸಲ ಚೀಪಿತು, ಕಣ್ಣು ಮುಚ್ಚಿತು. ಬೆರಳು ತೆಗೆದರೆ ಕಣ್ಣು ತೆರೆಯುತ್ತಿತ್ತು. ಹಾಗಾಗಿ ತೆಗೆಯಲಿಲ್ಲ.

ಅದೇ ಹೊತ್ತಿಗೆ ತಪಾಸಣೆಗೆಂದು ನಮ್ಮ ಮೇಲ್ವಿಚಾರಕಿ ಇಂದುಮತಿ ಮೇಡಮ್ಮಾರು ಬಂದರು. ಅವರ ಧ್ವನಿ ಎಂದರೆ ಮೂರು ಉಪಕೇಂದ್ರಗಳಿಗೆ ಒಟ್ಟಿಗೆ ಕೇಳುವಂಥದು. "ಸುಶೀಲಾ, ಹಗಲೊತ್ತು ಬಾಗಿಲ ಹಾಕ್ಕೊಂಡ ಏನ ಮಾಡಾಕತ್ತಿ," ಎನ್ನುತ್ತಲೇ ಒಳಗೆ ಬಂದರು. ಕೂಸು ಮಿಸುಕಿತು. ನಾನು ಇನ್ನೊಂದು ಕೈಯ ಬೆರಳನ್ನು ತುಟಿಗಿಟ್ಟು, ದೇವರಿಗೆ ಬೇಡುವ ಹಾಗೆ ಅವರ ಮುಖ ನೋಡಿದೆ. ಅವರು ಕೂಸನ್ನು ನೋಡಿದರು, ನನ್ನ ಬೆರಳು ಎಲ್ಲಿದೆ ಎಂಬುದನ್ನು ನೋಡಿದರು, ಚಪ್ಪಲಿ ಹೊರಗೆ ಬಿಟ್ಟು ತುದಿಗಾಲಲ್ಲಿ ಒಳಗೆ ಬಂದರು.

ಮುಂದಿನ ಇಡೀ ತಪಾಸಣೆ ಪಿಸುಮಾತಿನಲ್ಲಿ ನಡೆಯಿತು. "ಲಸಿಕೆ ರಜಿಸ್ಟರ್ ಯಾಕ ಅರ್ಧಾ ತುಂಬೀದಿ," ಎಂದು ಪಿಸುಗುಟ್ಟಿ ಬೈದರು. "ಇವತ್ತ ತುಂಬತೇನ್ರಿ," ಎಂದು ಪಿಸುಗುಟ್ಟಿದೆ. "ಯಾವ ಕೈಲೆ ತುಂಬತಿ?" ಪಿಸುಮಾತಿನಲ್ಲಿ ಬೈಸಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಅನುಭವಿಸಿದವರಿಗೇ ಗೊತ್ತು, ನಗು ಗಂಟಲಿಗೆ ಬಂದು ನಿಲ್ಲುತ್ತದೆ. ಕಪಾಟನ್ನು ಅವರೇ ತೆರೆದರು, ಗುಳಿಗೆಗಳನ್ನು ಅವರೇ ಎಣಿಸಿದರು, ರಜಿಸ್ಟರನ್ನು ನನ್ನ ಮುಂದೆ ಹಿಡಿದರು. ನಾನು ಎಡಗೈಯಲ್ಲಿ ಸಹಿ ಮಾಡಿದೆ. ಆ ಸಹಿ ಮಳೆಗಾಲದ ಎರೆಹುಳದ ಹಾಗಿತ್ತು. ಅದನ್ನು ನೋಡಿ ಮೇಡಮ್ಮಾರಿಗೆ ನಗು ತಡೆಯಲಾಗದೆ ಫಕ್ಕನೆ ಸಿಡಿಯಿತು. ಕೂಸು ಎದ್ದುಬಿಟ್ಟಿತು. ತಪ್ಪು ತಮ್ಮದಾದ್ದರಿಂದ ಅವರೇ ಹೋಗಿ ಕೈ ತೊಳೆದು ಬಂದು, ನನ್ನನ್ನು ಸರಿಸಿ, ತಮ್ಮ ಕಿರುಬೆರಳು ಕೊಟ್ಟರು.

ಗಂಗವ್ವ ಬಂದಾಗ ನೋಡಿದ್ದು ಈ ದೃಶ್ಯವನ್ನು. ಆಕೆ ನಗಲಿಲ್ಲ, ಅದು ಆಕೆಯ ದೊಡ್ಡತನ. ಕೂಸಿನ ಕೈಯ ಅರಿವೆ ಬಿಚ್ಚಿದಳು. ಬಟ್ಟು ತಾನಾಗಿ ಬಾಯಿಗೆ ಹೋಯಿತು. "ಇಷ್ಟ ನೋಡ್ರಿ," ಎಂದು ಹೇಳಿ ಎತ್ತಿಕೊಂಡು ನಡೆದಳು.

ಹೊರಡುವಾಗ ಮೇಡಮ್ಮಾರು ಇನ್ನೂ ಪಿಸುಮಾತಿನಲ್ಲೇ ಹೇಳಿದರು, ರೂಢಿಯಾಗಿಬಿಟ್ಟಿತ್ತು: "ಬ್ಯಾಡ ಅನ್ನೂಕ್ಕಿಂತ ಮೊದಲ ಬದಲಿ ಏನೈತಿ ಅಂತ ವಿಚಾರ ಮಾಡ, ಸುಶೀಲಾ." ನನ್ನ ಮೂವತ್ತೆಂಟು ವರ್ಷದ ನೌಕರಿಯಲ್ಲಿ ಯಾವ ಸುತ್ತೋಲೆಯೂ ಇಷ್ಟು ಚಿಕ್ಕದಾಗಿ ಇಷ್ಟು ಉಪಯೋಗದ ಮಾತು ಹೇಳಲಿಲ್ಲ.

ಅಂದಿನಿಂದ ನಾನು ಬಟ್ಟಿನ ಪಕ್ಷ ಸೇರಿದೆ. ಚೀಪಲಿ ಬಿಡ್ರಿ, ತಾನಾಗಿ ಬಿಡುತ್ತದೆ ಎಂದು ಊರೂರು ಹೇಳುತ್ತ ಬಂದೆ. ಮನೆಯಲ್ಲಿ ನನ್ನ ಮಗಳು ಭಾರತಿ ಐದು ವರ್ಷವಾದರೂ ಬಿಡಲಿಲ್ಲ. ಊರಿಗೆ ಧೈರ್ಯ ಹೇಳುವ ನಾನು ಆಕೆಯ ಬಟ್ಟಿಗೆ ಬೇವಿನೆಣ್ಣೆ ಹಚ್ಚಿದೆ. ಎರಡು ದಿನ ಮುಖ ಕಿವುಚಿದಳು, ಮೂರನೆಯ ದಿನ "ಅವ್ವಾ, ಎಣ್ಣಿ ಹಚ್ಚು" ಎಂದು ತಾನೇ ಬಟ್ಟು ಮುಂದೆ ಹಿಡಿದುಕೊಂಡು ಬಂದಳು. ಹಾಗಲಕಾಯಿಯ ರಸ ಹಚ್ಚಿದೆ, ಅದೂ ಸೇರಿತು. ಪಟ್ಟಿ ಸುತ್ತಿದರೆ ಇನ್ನೊಂದು ಕೈಯ ಬಟ್ಟು ಇತ್ತು. ಕೊನೆಗೆ ಬಿಡಿಸಿದ್ದು ನಾನಲ್ಲ, ಸೈಕಲ್ಲು. ಓಣಿಯ ಹುಡುಗಿಯರು ಸೈಕಲ್ ಕಲಿಯತೊಡಗಿದಾಗ ಈಕೆಯೂ ಹತ್ತಿದಳು. ಹ್ಯಾಂಡಲ್ಲಿಗೆ ಎರಡೂ ಕೈ ಬೇಕು. ಮುಂಜಾನೆಯಿಂದ ಸಂಜೆಯವರೆಗೆ ಓಣಿಯಲ್ಲಿ ಸುತ್ತಿ, ಮಂಡಿ ಕೆತ್ತಿಸಿಕೊಂಡು, ಸಂಜೆ ಉಣ್ಣುತ್ತಲೇ ಮಲಗಿಬಿಡುತ್ತಿದ್ದಳು. ಒಂದು ತಿಂಗಳಲ್ಲಿ ಬಟ್ಟಿನ ನೆನಪೇ ಹೋಯಿತು. ಈಗ ಆಕೆಗೆ ಇದನ್ನು ಹೇಳಿದರೆ ನಾನು ಸುಳ್ಳು ಹೇಳುತ್ತಿದ್ದೇನೆ ಎನ್ನುತ್ತಾಳೆ.

ಇನ್ನು ನನ್ನ ನಿಜವಾದ ತಪ್ಪಿನ ಕಥೆ. ಇದನ್ನು ಹೊಸ ಹುಡುಗಿಯರು ಎರಡು ಸಲ ಓದಲಿ.

ಆಗ ನನಗೆ ಮೂಡಲಗಿ ಕಡೆ ವರ್ಗವಾಗಿತ್ತು. ಕುಲಗೋಡದ ಬಸ್ಸಿಳಿದು ಕಬ್ಬಿನ ಹೊಲಗಳ ನಡುವೆ ನಡೆದು ಹೋಗುವ ಊರು. ಆ ಹೊತ್ತಿಗೆ ಪೇಟೆಯ ಅಂಗಡಿಗಳಲ್ಲಿ ಬಣ್ಣಬಣ್ಣದ ನಿಪ್ಪಲ್ ತೂಗಾಡತೊಡಗಿದ್ದವು. ನಮಗೂ ಒಂದು ತರಬೇತಿಯಾಯಿತು. ಅಲ್ಲಿ ನಿಪ್ಪಲ್ ಕುರಿತು ಹೇಳಿದ ಮಾತಿಗೆ ಎರಡು ಭಾಗಗಳಿದ್ದವು. ಮೊದಲ ಭಾಗ: ನಿಪ್ಪಲ್ ರಾಕ್ಷಸನಲ್ಲ, ಕುದಿಸಿ ಸ್ವಚ್ಛವಾಗಿಟ್ಟರೆ ಕೂಸಿಗೆ ಸಮಾಧಾನ ಕೊಡುತ್ತದೆ. ಎರಡನೆಯ ಭಾಗ: ಆದರೆ ಕೂಸು ಮೊಲೆಹಾಲು ಕುಡಿಯುವುದನ್ನು ಚೆನ್ನಾಗಿ ಕಲಿತ ಮೇಲೆ, ಅಂದರೆ ಸುಮಾರು ಒಂದು ತಿಂಗಳಾದ ಮೇಲೆ ಮಾತ್ರ, ಅದೂ ಹೊಟ್ಟೆ ತುಂಬಿದೆ ಎಂದು ಖಾತ್ರಿ ಮಾಡಿಕೊಂಡು. ಮೊದಲ ಭಾಗವನ್ನು ನಾನು ಬಹಳ ಚೆನ್ನಾಗಿ ಕೇಳಿಸಿಕೊಂಡೆ. ಎರಡನೆಯ ಭಾಗ ಹೇಳುವಾಗ ಬಾಜೂ ಕೂತ ಗೆಳತಿ ತನ್ನ ಸೊಸೆಯ ಸುದ್ದಿ ಹೇಳುತ್ತಿದ್ದಳು, ಅದು ಅದಕ್ಕಿಂತ ಚೆನ್ನಾಗಿತ್ತು.

ಊರಿನಲ್ಲಿ ಪಾರವ್ವ ಎಂಬ ಹೈನದ ಹೆಂಗಸಿನ ಮಗಳು ರೇಣುಕಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹದಿಮೂರನೆಯ ದಿನ ತೊಟ್ಟಿಲ ಕಾರ್ಯ, ನನಗೂ ಕರೆ ಬಂತು. ಮನೆ ತುಂಬ ಬೀಗರು. ಕೂಸು ಮಾತ್ರ ಮುಂಜಾನೆಯಿಂದ ಒಂದೇ ಸಮನೆ ಅಳುತ್ತಿತ್ತು. ಸೋದರತ್ತೆ ಕಿವಿಯಲ್ಲಿ ಹೆಸರು ಹೇಳಲು ಬಗ್ಗಿದಳು, ಅಳುವಿನಲ್ಲಿ ಹೆಸರು ಯಾರಿಗೂ ಕೇಳಲಿಲ್ಲ. ಒಬ್ಬರು ಐಶ್ವರ್ಯಾ ಎಂದರು, ಒಬ್ಬರು ಅಕ್ಕಮಹಾದೇವಿ ಎಂದರು, ಕಿವಿ ಕೇಳದ ಅಜ್ಜನೊಬ್ಬ "ಗಂಡ ಕೂಸೇನು" ಎಂದು ಕೇಳಿದ. ಮತ್ತೊಮ್ಮೆ ಹೇಳಿದರು, ಮತ್ತೆ ಕೇಳಲಿಲ್ಲ. ಬೀಗರು ತಂದ ಆಟಿಕೆಗಳ ರಾಶಿಯಲ್ಲಿ ನೀಲಿ ಬಣ್ಣದ ಒಂದು ನಿಪ್ಪಲ್ ನನ್ನ ಕಣ್ಣಿಗೆ ಬಿತ್ತು.

ನಾನು ಎದ್ದೆ. ಅಡುಗೆ ಮನೆಗೆ ಹೋಗಿ ಕುದಿಯುವ ನೀರಿನಲ್ಲಿ ಹಾಕಿ, ಆರಿಸಿ, ತಂದು ಕೂಸಿನ ಬಾಯಿಗಿಟ್ಟೆ. ಮನೆ ಗಪ್ಪಾಯಿತು. ಸೋದರತ್ತೆ "ಪ್ರಣತಿ" ಎಂದಳು, ಓಣಿಯ ಕೊನೆಯವರೆಗೆ ಕೇಳಿತು. ಹೆಂಗಸರೆಲ್ಲ ನನ್ನ ಕಡೆ ನೋಡಿದರು. ಪಾರವ್ವ ನನ್ನ ತಾಟಿಗೆ ಎರಡು ಶೇಂಗಾ ಹೋಳಿಗೆ ಹೆಚ್ಚಿಗೆ ಹಾಕಿ, "ದಿನಾ ಕೊಡಬೌದೇನ್ರಿ ಬಾಯಾರ?" ಎಂದು ಕೇಳಿದಳು. "ಕೊಡ್ರಿ. ಕುದಿಸಿ ಕೊಡ್ರಿ," ಎಂದೆ. ಅಂದು ನಾನು ನಡೆದು ಮನೆಗೆ ಹೋದೆನೋ ಹಾರಿ ಹೋದೆನೋ ನೆನಪಿಲ್ಲ.

ಎರಡು ವಾರ ಬಿಟ್ಟು ತೂಕ ನೋಡಲು ಹೋದೆ. "ಭಾಳ ಶಾಣೆ ಕೂಸಾಗೇತ್ರಿ," ಎಂದು ಪಾರವ್ವ ಬಾಗಿಲಲ್ಲೇ ಹೇಳಿದಳು. "ಅಳೂದ ಇಲ್ಲ. ಇಡೀ ದಿನ ಮಕ್ಕೊಂಡಿರತೈತಿ." ಕೂಸನ್ನು ಜೋಳಿಗೆಯಲ್ಲಿ ಹಾಕಿ ತಕ್ಕಡಿಯ ಕೊಕ್ಕೆಗೆ ತೂಗುಬಿಟ್ಟೆ. ಮುಳ್ಳು ಹೋದ ಸಲ ನಿಂತಲ್ಲಿಗೂ ಬರಲಿಲ್ಲ. ತಕ್ಕಡಿ ಕೆಟ್ಟಿದೆ ಎಂದುಕೊಂಡೆ. ಪಾರವ್ವನ ಅಡುಗೆ ಮನೆಯಿಂದ ಒಂದು ಕಿಲೋ ಸಕ್ಕರೆ ಪಾಕೀಟು ತರಿಸಿ ತೂಗಿದೆ. ಸಕ್ಕರೆ ಸರಿಯಾಗಿ ಒಂದು ಕಿಲೋ ಇತ್ತು. ಮತ್ತೆ ಕೂಸನ್ನು ತೂಗಿದೆ. ಮತ್ತೆ ಅಷ್ಟೇ.

ಆಗ ಕೂಸಿನ ಮುಖ ಸರಿಯಾಗಿ ನೋಡಿದೆ. ಶಾಣೆ ಕೂಸಲ್ಲ ಅದು, ದಣಿದ ಕೂಸು. ತೊಡೆಯ ಚರ್ಮ ಸಡಿಲಾಗಿತ್ತು. ದಿನಕ್ಕೆ ಎಷ್ಟು ಸಲ ಉಚ್ಚೆ ಹೊಯ್ಯುತ್ತದೆ ಎಂದು ಕೇಳಿದೆ. ರೇಣುಕಾ ನೆನಪು ಮಾಡಿಕೊಂಡು ಎರಡು ಬೆರಳು ತೋರಿಸಿದಳು. ಆರೇಳು ಸಲವಾದರೂ ಆಗಬೇಕಿತ್ತು.

ಕೂಡಲೇ ಆಟೋ ಹಿಡಿದು ತಾಯಿ, ಕೂಸು, ಅಜ್ಜಿ ಮೂವರನ್ನೂ ನಮ್ಮ ವೈದ್ಯಾಧಿಕಾರಿ ಡಾಕ್ಟರ್ ಪಾಟೀಲರ ಹತ್ತಿರ ಕರೆದುಕೊಂಡು ಹೋದೆ. ಪಾಟೀಲರು ಮೀಸೆಯ ದೊಡ್ಡ ಆಳು, ಮಾತು ಕಡಿಮೆ, ನಮಗೆಲ್ಲ ಅವರೆಂದರೆ ಅಂಜಿಕೆ. ಕೂಸನ್ನು ತಲೆಯಿಂದ ಪಾದದವರೆಗೆ ನೋಡಿದರು. ರೋಗವೇನೂ ಇರಲಿಲ್ಲ. ನನ್ನನ್ನು ಬಾಜೂ ಕರೆದು ಹೇಳಿದರು: "ಸುಶೀಲಾ, ಹಸದ ಕೂಸಿಗಿ ಇರೂದ ಒಂದ ಮಾತು, ಅಳೂದು. ಆ ಮಾತು ಮುಗಿಯೂದರಾಗ ನೀವು ಬಾಯಿಗಿ ಬೂಚು ಹಾಕೀರಿ. ಅದು ರಬ್ಬರ್ ಚೀಪಿ ದಣದು ಮಕ್ಕೊಂಡೈತಿ. ಚೀಪೂದು ಕಡಿಮಿ ಆದಂಗ ತಾಯಿ ಹಾಲೂ ಕಡಿಮಿ ಆಗೇತಿ."

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಹೊರಗೆ ಬೆಂಚಿನ ಮೇಲೆ ಪಾರವ್ವ ಮಗಳನ್ನು ಬೈಯುತ್ತ ಕುಳಿತಿದ್ದಳು, ನಿನ್ನ ಹಾಲೇ ಸರಿ ಇಲ್ಲವೆಂದು. ರೇಣುಕಾ ತಲೆ ತಗ್ಗಿಸಿ ಅಳುತ್ತಿದ್ದಳು. ನಾನು ಸುಮ್ಮನಿದ್ದರೆ ಆ ಮಾತು ಹಾಗೆಯೇ ಉಳಿದುಬಿಡುತ್ತಿತ್ತು, ನನ್ನ ಹೆಸರೂ ಉಳಿಯುತ್ತಿತ್ತು. ಒಂದು ಗಳಿಗೆ ಹಾಗೆ ಅನ್ನಿಸಿತು ಕೂಡ, ಸುಳ್ಳು ಹೇಳುವುದಿಲ್ಲ. ಆಮೇಲೆ ಎದುರಿಗೆ ಕೂತು ಹೇಳಿದೆ: "ಪಾರವ್ವಾರ, ಆಕೀನ್ನ ಬೈಬ್ಯಾಡ್ರಿ. ತಪ್ಪ ನಂದು. ಇಷ್ಟ ಲಗೂ ನಿಪ್ಪಲ್ ಕೊಡಬಾರದಿತ್ತು. ನಾ ಅರ್ಧಾ ತಿಳಕೊಂಡು ಪೂರಾ ಹೇಳಿದ್ನಿ."

ಪಾರವ್ವ ಬೈಯುವುದನ್ನು ನಿಲ್ಲಿಸಿದಳು. ಆಮೇಲೆ ಮಗಳ ಬೆನ್ನ ಮೇಲೆ ಕೈಯಿಟ್ಟಳು. "ಮತ್ತ ಈಗೇನ ಮಾಡಬೇಕ, ಅದನ್ನ ಪೂರಾ ಹೇಳ್ರಿ," ಎಂದಳು.

ಹತ್ತು ದಿನ ಮುಂಜಾನೆ ಮತ್ತು ಸಂಜೆ ಅವರ ಮನೆಗೆ ಹೋದೆ. ಭಾಷಣವಿಲ್ಲ. ರೇಣುಕಾಳ ಬಾಜೂ ಕೂತು ಕೂಸನ್ನು ಎದೆಗೆ ಹೇಗೆ ಹಚ್ಚಬೇಕೆಂದು ಕೈ ಹಿಡಿದು ತೋರಿಸಿದೆ. ಕೂಸು ಮಿಸುಕಿದರೆ ಹಾಲು, ಕೈ ಬಾಯಿಗೆ ಒಯ್ದರೆ ಹಾಲು, ಮಲಗಿದ್ದರೂ ಎರಡೂವರೆ ತಾಸಿಗೆ ಎಬ್ಬಿಸಿ ಹಾಲು. ಪಾಟೀಲರೂ ಎರಡು ದಿನಕ್ಕೊಮ್ಮೆ ಕೂಸನ್ನು ತರಿಸಿ ನೋಡಿದರು. ನಾಲ್ಕನೆಯ ದಿನ ಕೂಸು ಮನೆ ಹಾರಿಹೋಗುವ ಹಾಗೆ ಅತ್ತಿತು. ನಾನೂ ರೇಣುಕಾಳೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಹನ್ನೊಂದನೆಯ ದಿನ ತಕ್ಕಡಿಯ ಮುಳ್ಳು ಹೋಗಬೇಕಾದಲ್ಲಿಗೆ ಹೋಯಿತು.

ನಿಪ್ಪಲ್ ಏನಾಯಿತು ಎಂದು ಕೇಳಬೇಡಿ, ಹೇಳಿಯೇ ಬಿಡುತ್ತೇನೆ. ಪಾರವ್ವ ಅದನ್ನು ತನ್ನ ಆಡಿನ ಕೊರಳಿಗೆ ಕಟ್ಟಿದಳು. ಆ ಕರಿ ಆಡು ಕೊರಳಲ್ಲಿ ನೀಲಿ ನಿಪ್ಪಲ್ ತೂಗುತ್ತ ಇಡೀ ಊರು ತಿರುಗಿತು. "ಯಾಕ ಪಾರವ್ವಾ, ಆಡಿಗಿ ನಿಪ್ಪಲ್?" ಎಂದು ಕೇಳಿದವರಿಗೆಲ್ಲ ಆಕೆ ನಿಂತು ಪೂರ್ತಿ ಕಥೆ ಹೇಳಿ, ಕೊನೆಗೆ "ಯಾರ ಹೇಳಿದ್ರು ಅಂತ ಮಾತ್ರ ಕೇಳಬ್ಯಾಡ್ರಿ, ನಮ್ಮ ನರ್ಸಬಾಯಾರ ಮರ್ಯಾದಿ ಹೋಗತೈತಿ," ಎನ್ನುತ್ತಿದ್ದಳು. ನಾನು ಮನೆಭೇಟಿಗೆ ಹೋದಾಗ ಆಡು ಎದುರಾದರೆ ದಾರಿ ಬಿಟ್ಟು ನಿಲ್ಲುತ್ತಿದ್ದೆ. ಆದರೆ ಒಂದು ಮಾತು ಒಪ್ಪಲೇಬೇಕು. ಆ ಊರಿನಲ್ಲಿ ಒಂದು ತಿಂಗಳೊಳಗಿನ ಕೂಸಿಗೆ ನಿಪ್ಪಲ್ ಕೊಡಬಾರದೆಂಬ ಮಾತು ನನ್ನ ಯಾವ ಪೋಸ್ಟರಿಗಿಂತಲೂ ಬೇಗ ಮನೆಮನೆ ಮುಟ್ಟಿತು.

ಬಟ್ಟು, ನಿಪ್ಪಲ್ ಎರಡರ ನಡುವಿನ ವ್ಯತ್ಯಾಸವನ್ನು ಪಾರವ್ವನೇ ಮುಂದೊಂದು ದಿನ ಹಾಲು ಕರೆಯುತ್ತ ಹೇಳಿದಳು: "ನಿಪ್ಪಲ್ ನಾವ ಕೊಡೂದ್ರಿ, ನಾವ ಕಸಗೋಬೌದು. ಬಟ್ಟು ಕೂಸಿನ ಸ್ವಂತದ್ದು, ಅದ ಮನಸ ಮಾಡಬೇಕು." ಇದನ್ನು ನಾನು ಆಮೇಲೆ ಅನೇಕ ಸಭೆಗಳಲ್ಲಿ ನನ್ನ ಮಾತೆಂದೇ ಹೇಳಿದ್ದೇನೆ.

ಅಲ್ಲಿಂದ ನನ್ನ ರೀತಿ ಬದಲಾಯಿತು. ಯಾರು ಆ ಪ್ರಶ್ನೆ ಕೇಳಿದರೂ ಮೊದಲು ಕೂರುತ್ತಿದ್ದೆ. ಕೊನೆಯ ಸಲ ಹಾಲು ಯಾವಾಗ ಕುಡಿದಿದೆ, ಎಷ್ಟು ಸಲ ಅರಿವೆ ತೋಯಿಸಿದೆ, ತೂಕ ಏರುತ್ತಿದೆಯೇ ಎಂದು ಕೇಳುತ್ತಿದ್ದೆ. ಅವೆಲ್ಲ ಸರಿ ಇದ್ದರೆ ಬಟ್ಟಾದರೂ ಆಗಲಿ, ನಿಪ್ಪಲ್ಲಾದರೂ ಆಗಲಿ. ನಿಪ್ಪಲ್ಲಿಗೆ ಬೆಲ್ಲ, ಜೇನು ಸವರುವವರು ಸಿಕ್ಕರೆ ಅದನ್ನು ಬಿಡಿಸುತ್ತಿದ್ದೆ. ದಾರ ಪೋಣಿಸಿ ಕೂಸಿನ ಕೊರಳಿಗೆ ಹಾಕಿದ್ದರೆ ಚೀಲದಿಂದ ಕತ್ತರಿ ತೆಗೆದು ಅಲ್ಲಿಯೇ ಕತ್ತರಿಸುತ್ತಿದ್ದೆ, ಕೊರಳಿಗೆ ಉರುಲಾಗುತ್ತದೆ. ಹೊಸ ಹುಡುಗಿಯರ ಚೀಲದಲ್ಲೂ ಕತ್ತರಿ ಇರಲಿ.

ಕೊನೆಯ ಘಟನೆ ನಾನು ನಿವೃತ್ತಳಾಗುವ ಹಿಂದಿನ ವರ್ಷದ್ದು. ಪಾಟೀಲರು ಆ ಹೊತ್ತಿಗೆ ಗೋಕಾಕ ಕಡೆ ಬಂದಿದ್ದರು, ನಾನೂ ಮತ್ತೆ ಅವರ ಕೈಕೆಳಗೆ ಬಂದಿದ್ದೆ. ಕೌಜಲಗಿ ಸಮೀಪದ ಒಂದು ಊರಿನ ಅಂಗನವಾಡಿಯಲ್ಲಿ ತಾಯಂದಿರ ಸಭೆ ಇಟ್ಟಿದ್ದೆವು. ಭಾಷಣ ಪಾಟೀಲರದು, ವಿಷಯ 'ಮಕ್ಕಳ ಕೆಟ್ಟ ಚಟಗಳು'. ಬೆಳಿಗ್ಗೆ ಆರರಿಂದ ಮೂರು ಊರುಗಳ ಲಸಿಕೆ ಮುಗಿಸಿ ಬಂದಿದ್ದರು. ಇನ್ನೂ ಅರ್ಧ ತಾಸು ಇದೆಯೆಂದು ಬೇವಿನ ಗಿಡದ ನೆರಳಿನಲ್ಲಿ ನಿಂತ ಜೀಪಿನಲ್ಲೇ ಸೀಟಿಗೆ ತಲೆಯಾನಿಸಿದರು.

ನಾನು ಒಳಗೆ ಚಾಪೆ ಹಾಸುತ್ತಿದ್ದೆ. ಹೊರಗೆ ಬರುವ ಹೆಂಗಸರೆಲ್ಲ ಜೀಪಿನ ಹತ್ತಿರ ನಿಂತೇ ಬಿಡುತ್ತಿದ್ದರು, ಒಬ್ಬರೂ ಒಳಗೆ ಬರುತ್ತಿರಲಿಲ್ಲ. ಏನೆಂದು ಹೋಗಿ ನೋಡಿದೆ. ಡಾಕ್ಟರ್ ಪಾಟೀಲರು, ಇಡೀ ತಾಲೂಕು ಅಂಜುವ ಮನುಷ್ಯ, ಐವತ್ತೈದು ದಾಟಿದ ದೊಡ್ಡ ಮೀಸೆಯವರು, ಬಲಗೈಯ ಬಟ್ಟನ್ನು ಬಾಯಲ್ಲಿಟ್ಟುಕೊಂಡು ಗಾಢವಾಗಿ ನಿದ್ದೆ ಮಾಡುತ್ತಿದ್ದರು. ಮೀಸೆ ಮೆಲ್ಲಗೆ ಮೇಲೆ ಕೆಳಗೆ ಆಗುತ್ತಿತ್ತು.

ಯಾರೂ ನಗುತ್ತಿರಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡಿದ್ದರು. ಒಬ್ಬ ಎಳೆಯ ಸೊಸೆ ಮೆಲ್ಲಗೆ ಮೊಬೈಲ್ ಎತ್ತಿದಳು. ನಾನು ಮುಂದೆ ಹೋಗಿ ನನ್ನ ಅಗಲ ಬೆನ್ನನ್ನು ಜೀಪಿನ ಕಿಟಕಿಗೆ ಅಡ್ಡ ಕೊಟ್ಟೆ. "ಒಳಗಿಡವ್ವ," ಎಂದೆ. "ದಣದ ಮನುಷ್ಯಾನ್ನ ಊರಿಗೆಲ್ಲಾ ತೋರಸಬಾರದು." ಆಕೆ ನಾಚಿ ಇಟ್ಟಳು. ಆದರೆ ಮೇಲಧಿಕಾರಿಯನ್ನು ಈ ಸ್ಥಿತಿಯಲ್ಲಿ ಎಬ್ಬಿಸುವುದು ಹೇಗೆಂದು ನಮಗೆ ಯಾವ ತರಬೇತಿಯಲ್ಲೂ ಹೇಳಿರಲಿಲ್ಲ. ಕೆಮ್ಮಿದೆ. ಜೋರಾಗಿ ಕೆಮ್ಮಿದೆ. ಹೆಂಗಸರೆಲ್ಲ ಸೇರಿ ಕೆಮ್ಮಿದರು. ಪಾಟೀಲರು ಕಣ್ಣು ತೆರೆದಾಗ ನಲವತ್ತು ಹೆಂಗಸರು ಕೆಮ್ಮುತ್ತಿದ್ದರು. ಬಟ್ಟು ಬಾಯಿಂದ ಹೊರಗೆ ಬಂತು. "ಏನ, ಎಲ್ಲಾರಿಗೂ ಕೆಮ್ಮೇತೇನು?" ಎಂದರು.

ಒಳಗೆ ಬಂದು ಭಾಷಣಕ್ಕೆ ನಿಂತರು. ಕಾಗದ ಬಿಡಿಸಿ "ಬಟ್ಟು ಚೀಪುವ ಕೆಟ್ಟ ಚಟ..." ಎಂದರು. ಎಲ್ಲರ ಕಣ್ಣು ಅವರ ಬಲಗೈ ಮೇಲಿತ್ತು. ಅವರು ತಮ್ಮ ಬಟ್ಟು ನೋಡಿಕೊಂಡರು. ಅದು ಇನ್ನೂ ಹಸಿ ಇತ್ತು. ಮುಖ ಕೆಂಪಾಯಿತು. ಅವರು ಹೊರಗೆ ನಡೆದುಬಿಡುತ್ತಾರೆ, ನಾಳೆ ನನಗೆ ನೋಟಿಸು ಬರುತ್ತದೆ ಎಂದುಕೊಂಡೆ.

ಪಾಟೀಲರು ಕಾಗದ ಮಡಚಿ ಕಿಸೆಗಿಟ್ಟರು. ಕುರ್ಚಿ ಎಳೆದುಕೊಂಡು ಕುಳಿತರು.

"ನೋಡೀರಿ ಹೌದಿಲ್ಲೊ," ಎಂದರು.

ಮುಂದಿನ ಸಾಲಿನ ಹೆಂಗಸರು ತಲೆ ತಗ್ಗಿಸಿದರು.

"ನನ್ನ ಅವ್ವ ನನ್ನ ಬಟ್ಟಿಗಿ ಮೆಣಸಿನಕಾಯಿ ತಿಕ್ಕತಿದ್ಲು. ಅಪ್ಪ ಬೆತ್ತದಲೆ ಹೊಡಿತಿದ್ದ. ಸಾಲ್ಯಾಗ ಮಾಸ್ತರು ಬೆಂಚಿನ ಮ್ಯಾಲ ನಿಂದರಸತಿದ್ರು. ನಾ ಅವರ ಮುಂದ ಬಿಟ್ನಿ, ಕದ್ದ ಚೀಪಾಕ ಕಲತ್ನಿ. ಅಂಜಿಕಿ ಹೆಚ್ಚಾದಂಗ ಬಟ್ಟು ಹೆಚ್ಚ ಬೇಕಾಗತಿತ್ತು. ಇವತ್ತೂ ಭಾಳ ದಣದಾಗ ನನಗ ಗೊತ್ತಿಲ್ಲದ ಬಾಯಿಗಿ ಹೋಗತೈತಿ. ನಮ್ಮನಿಯಾಕಿ ಒಬ್ಬಾಕಿಗೇ ಗೊತ್ತಿತ್ತು. ಈಗ ನಿಮಗೂ ಗೊತ್ತಾತು."

ಆಮೇಲೆ ನಡೆದದ್ದು ನಾನು ಕಂಡ ಎಲ್ಲಕ್ಕಿಂತ ಒಳ್ಳೆಯ ಸಭೆ. ಒಬ್ಬಳು ತಾನು ಮದುವೆಯ ದಿನದವರೆಗೂ ಚೀಪುತ್ತಿದ್ದೆನೆಂದಳು. ಇನ್ನೊಬ್ಬಳು ತನ್ನ ಗಂಡ ಇನ್ನೂ ಚಾದರದ ಮೂಲೆ ಚೀಪುತ್ತಾನೆಂದಳು, ಬಾಜೂ ಕೂತಿದ್ದ ಆತನ ತಾಯಿ "ಚಾದರಲ್ಲ, ಟಾವೆಲ್" ಎಂದು ತಿದ್ದಿದಳು. ಅಂಗನವಾಡಿಯ ತಗಡು ಹಾರುವಷ್ಟು ನಕ್ಕೆವು. ಪಾಟೀಲರು ನಗುವುದನ್ನು ಅಂದೇ ಮೊದಲು ನೋಡಿದೆ.

ಆ ನಗುವಿನ ನಡುವೆ ಮೂಲೆಯಲ್ಲಿ ಕೂತಿದ್ದ ಮಹಾದೇವಿ ಎಂಬ ತಾಯಿ ನಗದೆ ಅಳುತ್ತಿದ್ದಳು. ತೊಡೆಯ ಮೇಲೆ ನಾಲ್ಕೂವರೆ ವರ್ಷದ ಮಗಳು ಅಕ್ಷತಾ, ಬಾಯಲ್ಲಿ ಬಟ್ಟು. ಹತ್ತಿರ ಹೋಗಿ ಕೂತೆ. "ಇವತ್ತ ಸಂಜಿಕ ಸವಟು ಕಾಸಿ ಇದರ ಬಟ್ಟಿಗಿ ಮುಟ್ಟಸೂದಿತ್ರಿ ಬಾಯಾರ," ಎಂದಳು. "ಸಾಲಿಗಿ ಹೋಗೂ ಮೊದಲ ಬಿಡಸಬೇಕಂತ ಮನ್ಯಾಗ ಎಲ್ಲಾರೂ ಹೇಳಿದ್ರು. ನಾನೂ ಹೂಂ ಅಂದಿದ್ನಿ."

ಪಾಟೀಲರಿಗೂ ಕೇಳಿಸಿತು. ಅವರು ಎದ್ದು ಬಂದು ಹುಡುಗಿಯ ಎದುರಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ ಮೇಲೆ ಮಹಾದೇವಿಗೆ ಹೇಳಿದರು: "ಸುಡಬ್ಯಾಡವ್ವ. ಸುಟ್ಟರ ಗಾಯ ಮಾಯತೈತಿ, ಅಂಜಿಕಿ ಮಾಯಂಗಿಲ್ಲ. ಭಾಳ ಮಕ್ಕಳು ತಾವ ಬಿಡತಾವ. ಹೊಸಾ ಹಲ್ಲ ಬರೂ ಹೊತ್ತಿಗಿ ಬಿಡಲಿಲ್ಲ ಅಂದ್ರ ನನ್ನ ಕಡೆ ಕರಕೊಂಡ ಬಾ." ಮಹಾದೇವಿ ಸೆರಗಿನಿಂದ ಕಣ್ಣೊರೆಸಿಕೊಂಡು ತಲೆಯಾಡಿಸಿದಳು. ಮಗಳನ್ನು ಎದೆಗೆ ಒತ್ತಿಕೊಂಡಳು.

ಆಮೇಲೆ ಪಾಟೀಲರು ಹುಡುಗಿಯ ಮುಂದೆ ತಮ್ಮ ಬಟ್ಟು ಹಿಡಿದರು. ಚೀಪಿ ಚೀಪಿ ಗೆಣ್ಣಿನ ಮೇಲೆ ದಡ್ಡು ಬಿದ್ದಿತ್ತು. ಅಕ್ಷತಾ ನೋಡಿದಳು. ತನ್ನ ಬಟ್ಟನ್ನು ಬಾಯಿಂದ ತೆಗೆದು ಅದರ ಬಾಜೂ ಹಿಡಿದಳು. ಅಲ್ಲೂ ಒಂದು ಪುಟ್ಟ ದಡ್ಡು ಇತ್ತು. "ನಿಮ್ದ ದೊಡ್ಡದೈತಿ," ಎಂದಳು ಗೌರವದಿಂದ.

"ನಾ ಬಿಟ್ಟರ ನಿನಗ ಹೇಳತೇನಿ," ಎಂದರು ಪಾಟೀಲರು. "ನೀ ಬಿಟ್ಟರ ನನಗ ಹೇಳತಿ?"

ಆಕೆ ಯೋಚಿಸಿ ತಲೆಯಾಡಿಸಿದಳು.

ಅಲ್ಲಿಂದ ಪ್ರತಿ ತಿಂಗಳು ಲಸಿಕೆಯ ದಿನ ಆಕೆ ತಾಯಿಯ ಸೆರಗು ಹಿಡಿದು ಜೀಪಿನ ಹತ್ತಿರ ಬರುತ್ತಿದ್ದಳು. "ಇನ್ನೂ ಇಲ್ರಿ," ಎನ್ನುತ್ತಿದ್ದಳು. "ನಂದೂ ಇಲ್ಲ," ಎನ್ನುತ್ತಿದ್ದರು ಪಾಟೀಲರು. ಇಬ್ಬರೂ ಬೇಸರವಿಲ್ಲದೆ ತಲೆದೂಗುತ್ತಿದ್ದರು. ಮಹಾದೇವಿಯ ಮನೆಯಲ್ಲಿ ಯಾರೂ ಮತ್ತೆ ಸವಟಿನ ಮಾತೆತ್ತಲಿಲ್ಲ. ಡಾಕ್ಟರ್ ಸಾಹೇಬರೇ ಬಿಟ್ಟಿಲ್ಲವಂತೆ, ಮಗುವಿಗೆ ಏನು ಅವಸರ ಎಂದು ಆಕೆಯ ಅತ್ತೆಯೇ ಹೇಳತೊಡಗಿದ್ದಳಂತೆ.

ಐದನೆಯ ತಿಂಗಳೋ ಆರನೆಯ ತಿಂಗಳೋ, ಸಾಲೆ ಶುರುವಾದ ಮೇಲೆ, ಅಕ್ಷತಾ ಸಮವಸ್ತ್ರ ಹಾಕಿಕೊಂಡು ತಾಯಿಯನ್ನು ಹಿಂದೆ ಬಿಟ್ಟು ಓಡಿಬಂದಳು. ಬಟ್ಟು ಮುಂದೆ ಚಾಚಿದಳು. ಒಣಗಿತ್ತು, ದಡ್ಡು ಸುಲಿದು ಹೊಸ ಚರ್ಮ ಬಂದಿತ್ತು.

"ಬಿಟ್ನಿ," ಎಂದಳು. "ನಿಮ್ದು?"

ಪಾಟೀಲರು ಕನ್ನಡಕ ತೆಗೆದು ಒರೆಸಿದರು. "ನಂದ ಇನ್ನೂ ಆಗಿಲ್ಲವ್ವ," ಎಂದರು.

ಅಕ್ಷತಾ ಅವರ ಮೊಣಕಾಲಿನ ಮೇಲೆ ಕೈಯಿಟ್ಟು, ಅಳುವ ಕೂಸನ್ನು ಸಮಾಧಾನ ಮಾಡುವ ಧ್ವನಿಯಲ್ಲಿ ಹೇಳಿದಳು: "ಇರಲಿ ಬಿಡ್ರಿ ಸಾಹೇಬ್ರ. ದೊಡ್ಡಾವರಾದ ಮ್ಯಾಲ ಬಿಡಾಕ ಬರತೈತಿ."